ಝೀಲ್ಯಾಂಡ್ ಸರಣಿ: ಕಡಲನ್ನ ಸೋಲಿಸಿದವರ ಊರಲ್ಲ ಇದು

(1)

ನೆದರ್‌ಲ್ಯಾಂಡ್ಸ್ ಅಂದ ತಕ್ಷಣ ನಿಮ್ಮ ಫೀಡ್‌ನಲ್ಲಿ ಏನು ಬರತ್ತೆ ಹೇಳಿ? ಆಂಸ್ಟರ್‌ಡ್ಯಾಂ ಕಾಲುವೆ, ಟ್ಯೂಲಿಪ್ ತೋಟ, ಗಾಳಿಗಿರಣಿ. ಅದಾದ್ಮೇಲೆ ಒಂದು ರೀಲ್ ಬಂದೇ ಬರತ್ತೆ: ಡ್ರೋನ್‌ನಲ್ಲಿ ತೆಗೆದ ಉದ್ದನೆಯ ಕಟ್ಟು, ಹಿಂದೆ ಎದೆ ನಡುಗಿಸೋ ಮ್ಯೂಸಿಕ್, ಮೇಲೆ "ಸಮುದ್ರವನ್ನೇ ಸೋಲಿಸಿದ ದೇಶ" ಅಂತ ದಪ್ಪ ಅಕ್ಷರ. ನಾನು ಮೊನ್ನೆ ಸುಮ್ನೆ ಒಂದು ಬೀಚ್ ಫೋಟೋ ಹಾಕಿದ್ದಕ್ಕೆ ಕಮೆಂಟಲ್ಲಿ ನಾಲ್ಕೈದು ಜನ ಇದನ್ನೇ ಬರೆದ್ರಿ. ಒಬ್ಬರಂತೂ "ನಮ್ಮ ಕರಾವಳಿಗೂ ಹಿಂಗೇ ಒಂದು ಗೋಡೆ ಹಾಕ್ಬಿಟ್ರೆ ಕಡಲ್ಕೊರೆತದ ಕಥೆ ಮುಗೀತು" ಅಂದ್ರಿ.

ಅದಕ್ಕೇ ಈ ಸರಣಿ. ಒಂದೇ ಕ್ಯಾಪ್ಶನ್‌ನಲ್ಲಿ ಹಿಡಿಸಲ್ಲ, ಹಾಗಾಗಿ ತುಂಡು ತುಂಡಾಗಿ ಹಾಕ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಕೊನೆ ತನಕ ಕಾಯಿಸೋದು ಬೇಡ. ಆ ರೀಲ್‌ನಲ್ಲಿ ಕಾಣೋ ಕಟ್ಟು ಇರೋದು ಝೀಲ್ಯಾಂಡ್ ಅನ್ನೋ ಪ್ರಾಂತದಲ್ಲಿ. ಅದು ಕಡಲನ್ನ ಹೊರಗಿಡೋಕೆ ಕಟ್ಟಿದ ಗೋಡೆ ಅಲ್ಲ. ಗೋಡೆ ಕಟ್ಟೋದು ಅಗ್ಗವಾಗಿತ್ತು. ಅಲ್ಲಿನ ಜನ ಜಗಳ ಮಾಡಿ, ಹೆಚ್ಚು ದುಡ್ಡು ಸುರಿಸಿ, ಕಡಲು ದಿನಾ ಒಳಗೆ ಬಂದು ಹೋಗೋ ಹಾಗೆ ಬಾಗಿಲು ಇಡಿಸಿಕೊಂಡ್ರು. ಝೀಲ್ಯಾಂಡ್‌ನಲ್ಲಿ ನೋಡಬೇಕಾದ್ದು ಬಹಳ ಇದೆ, ಆದರೆ ಇದನ್ನ ತಿಳ್ಕೊಳ್ಳದೆ ನೋಡಿದ್ರೆ ಬೀಚ್ ಫೋಟೋ ಅಷ್ಟೇ ಸಿಗೋದು.

ನಾನು ಮೂರು ವಾರ ಅಲ್ಲಿದ್ದೆ, ಮಿಡೆಲ್‌ಬರ್ಗ್‌ನಲ್ಲಿ ಓದ್ತಿರೋ ದೊಡ್ಡಪ್ಪನ ಮಗಳ ರೂಮಿನಲ್ಲಿ. ಇಂಜಿನಿಯರಿಂಗ್ ನನ್ನ ವಿಷಯ ಅಲ್ಲ. ಬಿಕಾಂನವರಿಗೆ ಬರೋದು ಲೆಕ್ಕ. ಹಾಗಾಗಿ ಲೆಕ್ಕದ ಕಡೆಯಿಂದಲೇ ನೋಡೋಣ.

(2)

ಪರಿಚಯ ಬೇಗ ಮುಗಿಸ್ತೀನಿ. ಝೀಲ್ಯಾಂಡ್ ಅಂದ್ರೆ 'ಕಡಲ ನಾಡು'. ಅವರ ಬಾಯಲ್ಲಿ ಅದು 'ಝೇಲಂಡ್'. ನೆದರ್‌ಲ್ಯಾಂಡ್ಸ್‌ನ ನೈಋತ್ಯ ಮೂಲೆ, ಕೆಳಗಡೆ ಬೆಲ್ಜಿಯಂ. ರೈನ್, ಮಾಸ್, ಸ್ಕೆಲ್ಡ್ ನದಿಗಳು ಸೇರಿ ಮಾಡಿದ ಮುಖಜ ಭೂಮಿಯಲ್ಲಿ ಸ್ಕೆಲ್ಡ್ ಕಡೆಯ ಭಾಗ ಇದು. ಒಂದು ಕಾಲದಲ್ಲಿ ಎಲ್ಲಾ ದ್ವೀಪಗಳೇ. ಈಗ ಒಡ್ಡು, ಸೇತುವೆ, ಸುರಂಗ ಹಾಕಿ ಒಂದಕ್ಕೊಂದು ಜೋಡಿಸಿದ್ದಾರೆ. ಇಡೀ ಪ್ರಾಂತದ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಲ್ಲ.

ನ್ಯೂಜಿಲೆಂಡ್ ಹೆಸರು ಕೇಳಿದೀರಲ್ಲ, ಆ ಹಳೇ 'ಜಿಲೆಂಡ್' ಇದೇ. 1642ರಲ್ಲಿ ಆಬೆಲ್ ಟಾಸ್ಮನ್ ಆ ಕಡೆ ಹೋಗಿ ಬಂದಮೇಲೆ ಡಚ್ ನಕ್ಷೆಗಾರರು ಈ ಹೆಸರು ಅಂಟಿಸಿದ್ರು. ಕ್ರಿಕೆಟ್ ನೋಡೋ ನಮಗೆ ಹೊಸದು ಗೊತ್ತು, ಹಳೇದು ಗೊತ್ತಿಲ್ಲ.

ಪ್ರಾಂತದ ಲಾಂಛನ ನೋಡಿ, ಎರಡನೇ ಫೋಟೋ. ಅಲೆಗಳ ನಡುವೆ ಸೊಂಟದ ತನಕ ಮುಳುಗಿದ ಸಿಂಹ, ಮೇಲೆ ಬರೋಕೆ ಒದ್ದಾಡ್ತಾ ಇದೆ. ಅದರ ಜೊತೆಯ ಲ್ಯಾಟಿನ್ ಮಾತಿನ ಅರ್ಥ: ಸೆಣಸುತ್ತೇನೆ, ಮೇಲೇಳುತ್ತೇನೆ. ಗೆದ್ದೆ ಅಂತಿಲ್ಲ ಗಮನಿಸಿ.

ಆಂಸ್ಟರ್‌ಡ್ಯಾಂನಿಂದ ರೈಲಿನಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಕೊನೇ ಸ್ಟೇಷನ್ ವ್ಲಿಸ್ಸಿಂಗನ್, ಅದಕ್ಕೂ ಸ್ವಲ್ಪ ಮುಂಚೆ ಮಿಡೆಲ್‌ಬರ್ಗ್. ನಮ್ಮ ಟೂರ್ ಪ್ಯಾಕೇಜ್‌ಗಳು ಇತ್ತ ಕಡೆ ತಲೆ ಹಾಕಲ್ಲ. ಎರಡು ದಿನ ಆಂಸ್ಟರ್‌ಡ್ಯಾಂ, ಆಮೇಲೆ ಬಸ್ಸು ಪ್ಯಾರಿಸ್‌ಗೆ.

(3)

ಮಿಡೆಲ್‌ಬರ್ಗ್ ನೋಡಿದ್ರೆ ಎಷ್ಟು ಹಳೇ ಊರು ಅನ್ಸತ್ತೆ. ಕಲ್ಲು ಹಾಸಿದ ಓಣಿ, ಗಾಥಿಕ್ ಶೈಲಿಯ ಟೌನ್ ಹಾಲ್, ನಡುವೆ 'ಲಾಂಗಾ ಯಾನ್' ಅನ್ನೋ ಗೋಪುರ. ಉದ್ದನೆ ಯಾನ್ ಅಂತ ಅರ್ಥ, ನಾವು ಉದ್ದ ಇರೋ ಫ್ರೆಂಡ್‌ಗೆ ಅಡ್ಡಹೆಸರು ಇಡ್ತೀವಲ್ಲ ಹಾಗೆ. 207 ಮೆಟ್ಟಿಲು. ನಾನು ಎಣಿಸ್ತಾ ಹತ್ತಿದೆ, 140ರ ಹತ್ತಿರ ಎಣಿಸೋ ಆಸಕ್ತಿ ಹೋಯ್ತು.

ಆದರೆ ಆ 'ಹಳೇ' ಊರಿನ ದೊಡ್ಡ ಪಾಲು ಹೊಸದು. 1940ರ ಮೇ 17ರಂದು ಯುದ್ಧದಲ್ಲಿ ಊರಿನ ನಡುಭಾಗ ಸುಟ್ಟು ಹೋಯ್ತು. ಆಮೇಲೆ ಹಳೇ ರೂಪಕ್ಕೆ ಹೊಂದೋ ಹಾಗೆ ಮತ್ತೆ ಕಟ್ಟಿದ್ರು. ಇದೇ ಊರಲ್ಲಿ ಕನ್ನಡಕ ಮಾಡೋ ಹಾನ್ಸ್ ಲಿಪ್ಪರ್‌ಹೇ ಅನ್ನೋನು 1608ರಲ್ಲಿ ದೂರದರ್ಶಕಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ್ದ. ಗೆಲಿಲಿಯೋ ತನ್ನದನ್ನ ಮಾಡಿಕೊಂಡಿದ್ದು ಅದರ ಸುದ್ದಿ ಕೇಳಿ.

ಹಳೇ ಮಠದ ಕಟ್ಟಡದಲ್ಲಿ ಝೀಲ್ಯಾಂಡ್ ಮ್ಯೂಸಿಯಂ ಇದೆ. ಅಲ್ಲಿ ನೆಹಲೆನ್ನಿಯಾ ದೇವಿಯ ಕಲ್ಲುಗಳನ್ನ ನೋಡದೆ ಬರಬೇಡಿ. ರೋಮನ್ನರ ಕಾಲದ್ದು. ದೇವಿ ಕೂತಿದ್ದಾಳೆ, ಪಕ್ಕ ಒಂದು ನಾಯಿ, ಹಣ್ಣಿನ ಬುಟ್ಟಿ. ಕಲ್ಲು ಮಾಡಿಸಿಕೊಟ್ಟವರು ಯಾರು ಗೊತ್ತಾ? ವ್ಯಾಪಾರಿಗಳು. ಉಪ್ಪು, ಮೀನಿನ ಸಾರ, ವೈನ್, ಮಡಿಕೆ ತುಂಬಿದ ದೋಣಿ ಇಂಗ್ಲೆಂಡಿಗೆ ಕಳಿಸೋ ಮುಂಚೆ ಹರಕೆ ಹೊತ್ತು, ಸರಕು ಸುರಕ್ಷಿತ ಮುಟ್ಟಿದ ಮೇಲೆ ಹರಕೆ ತೀರಿಸಿ ಕಲ್ಲು ನಿಲ್ಲಿಸಿದ್ರು. ಪೂರಾ ಮರೈನ್ ಇನ್ಶೂರೆನ್ಸ್ ಚಾಪ್ಟರ್ ಮಾರಾಯ್ರೇ, ಪ್ರೀಮಿಯಂ ಮಾತ್ರ ಕ್ಲೈಮ್ ಆದ್ಮೇಲೆ.

1647ರಲ್ಲಿ ಡೊಂಬರ್ಗ್ ಕಡಲತೀರದಲ್ಲಿ ಬಿರುಗಾಳಿ ಮರಳನ್ನ ಕೊರೆದಾಗ ಈ ಕಲ್ಲುಗಳು ಮೊದಲು ಹೊರಗೆ ಬಂದ್ವು. ಮುನ್ನೂರು ವರ್ಷದ ಮೇಲೆ, 1970ರಲ್ಲಿ, ಕೊಲೈನ್ಸ್‌ಪ್ಲಾಟ್ ಊರಿನ ಹತ್ತಿರ ಮೀನಿನ ಬಲೆಗೆ ಇನ್ನಷ್ಟು ಸಿಕ್ಕಿದ್ವು. ದೇವಸ್ಥಾನ ಇದ್ದ ನೆಲವೇ ನೀರಿನಡಿ ಹೋಗಿತ್ತು. ಈ ಊರುಗಳಲ್ಲಿ ಕಡಲು ತಗೊಳ್ಳತ್ತೆ, ಯಾವಾಗ್ಲೋ ಸ್ವಲ್ಪ ವಾಪಸ್ ಕೊಡತ್ತೆ.

(4)

ಬೀಚ್ ಬಗ್ಗೆ ಕೇಳಿದವರಿಗೆ. ಡೊಂಬರ್ಗ್, ಝೌಟೆಲಂಡೆ, ವೆಸ್ಟ್‌ಕಪೆಲ್ಲೆ, ವ್ಲಿಸ್ಸಿಂಗನ್: ನಾಲ್ಕೂ ಒಂದೇ ಸೈಕಲ್ ದಾರಿಯಲ್ಲಿ ಸಿಗತ್ತೆ. ಒಂದು ಕಡೆ ಹುಲ್ಲು ಬೆಳೆದ ಮರಳ ದಿಬ್ಬ, ಇನ್ನೊಂದು ಕಡೆ ಕಡಲು. ದಡದಿಂದ ನೀರಿನೊಳಗೆ ಸಾಲು ಸಾಲು ಮರದ ಕಂಬಗಳು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೀತಾರೆ. ಅದು ಅಲಂಕಾರಕ್ಕಲ್ಲ, ದಡದ ಗುಂಟ ಹರಿಯೋ ಸೆಳೆತ ಮರಳು ಕದೀಬಾರದು ಅಂತ.

ಡೊಂಬರ್ಗ್‌ಗೆ ನೂರು ವರ್ಷಕ್ಕೂ ಹಿಂದೆ ಪೀಟ್ ಮೊಂಡ್ರಿಯನ್ ಬಂದು ಚಿತ್ರ ಬರೀತಿದ್ದ. ಕೆಂಪು-ನೀಲಿ-ಹಳದಿ ಚೌಕದ ಚಿತ್ರ ನೋಡಿದೀರಲ್ಲ, ಅವನೇ. ಇಲ್ಲಿನ ದಿಬ್ಬ, ಚರ್ಚ್ ಗೋಪುರ, ಕಡಲು ಬರೀತಾ ಬರೀತಾ ಅವನ ಚಿತ್ರಗಳು ಗೆರೆಗಳಾಗ್ತಾ ಹೋದ್ವು. ಸಾಯಂಕಾಲ ದಿಬ್ಬದ ಮೇಲೆ ಕೂತ್ರೆ ಯಾಕೆ ಅಂತ ಸ್ವಲ್ಪ ಗೊತ್ತಾಗತ್ತೆ: ನೆಲ ಅಡ್ಡ ಗೆರೆ, ಕಂಬ ನೇರ ಗೆರೆ, ಬಾಕಿ ಎಲ್ಲಾ ಬೆಳಕು.

ವ್ಲಿಸ್ಸಿಂಗನ್‌ನಲ್ಲಿ ಕಡಲ ಪಕ್ಕದ ರಸ್ತೆಯಲ್ಲಿ ಬೆಂಚ್ ಮೇಲೆ ಕೂತು ಹಡಗು ನೋಡೋದೇ ಕೆಲಸ. ಆಂಟ್‌ವರ್ಪ್ ಬಂದರಿಗೆ ಹೋಗೋ ದೈತ್ಯ ಕಂಟೇನರ್ ಹಡಗುಗಳು ದಡಕ್ಕೆ ಎಷ್ಟು ಹತ್ತಿರ ಹೋಗತ್ತೆ ಅಂದ್ರೆ ಅಪಾರ್ಟ್‌ಮೆಂಟ್ ಒಂದು ನಡ್ಕೊಂಡು ಹೋದ ಹಾಗೆ. ಈ ಹಡಗುಗಳನ್ನ ನೆನಪಲ್ಲಿಡಿ, ಎಂಟನೇ ಪೋಸ್ಟ್‌ನಲ್ಲಿ ಬೇಕಾಗತ್ತೆ.

ವೆಸ್ಟ್‌ಕಪೆಲ್ಲೆ ಒಡ್ಡಿನ ಮೇಲೆ ನಿಂತಾಗ ಮಾತ್ರ ನಗು ಬರಲಿಲ್ಲ. 1944ರ ಅಕ್ಟೋಬರ್ 3ರಂದು ಮಿತ್ರಪಡೆಗಳೇ ಈ ಒಡ್ಡಿಗೆ ಬಾಂಬ್ ಹಾಕಿ ಕಡಲನ್ನ ಒಳಗೆ ಬಿಟ್ರು, ಜರ್ಮನ್ ಸೇನೆಯನ್ನ ಓಡಿಸೋಕೆ. ಆಂಟ್‌ವರ್ಪ್ ಬಂದರಿಗೆ ದಾರಿ ಬೇಕಿತ್ತು. ಊರಿನ 150ಕ್ಕೂ ಹೆಚ್ಚು ಜನ ಆ ದಿನ ಸತ್ರು. ಇಡೀ ವಾಲ್ಖರನ್ ದ್ವೀಪದ ಗದ್ದೆಗಳಲ್ಲಿ ಒಂದು ವರ್ಷ ಉಪ್ಪುನೀರು. ಬಿಡಿಸಿಕೊಳ್ಳೋದಕ್ಕೂ ಅವರು ಮುಳುಗಬೇಕಾಯ್ತು.

(5)

ಈಗ 1953.

ಜನವರಿ 31ರ ಶನಿವಾರ ರಾತ್ರಿ. ಹುಣ್ಣಿಮೆ ಕಳೆದು ದೊಡ್ಡ ಉಬ್ಬರದ ಹೊತ್ತು, ಅದೇ ಹೊತ್ತಿಗೆ ವಾಯವ್ಯದಿಂದ ಬಿರುಗಾಳಿ ಉತ್ತರ ಸಮುದ್ರದ ನೀರನ್ನೆಲ್ಲಾ ತಳ್ಳಿಕೊಂಡು ಬಂತು. ರಾತ್ರಿ ರೇಡಿಯೋ ಪ್ರಸಾರ ಬಂದ್. ಜನ ಮಲಗಿದ್ರು. ಯುದ್ಧ ಮುಗಿದು ಎಂಟು ವರ್ಷ ಆಗಿತ್ತಷ್ಟೇ, ಒಡ್ಡುಗಳು ತಗ್ಗಿವೆ, ಎತ್ತರಿಸಬೇಕು ಅಂತ ಎಚ್ಚರಿಸಿದವರಿದ್ರು, ಆದರೆ ದುಡ್ಡು ಬೇರೆ ಕಡೆ ಬೇಕಿತ್ತು. ಬೆಳಗಾಗೋದರೊಳಗೆ ಒಡ್ಡುಗಳು ಒಂದಾದ ಮೇಲೆ ಒಂದು ಒಡೆದ್ವು. ನೆದರ್‌ಲ್ಯಾಂಡ್ಸ್‌ನಲ್ಲಿ 1836 ಜನ ಸತ್ರು. ಅದರಲ್ಲಿ 800ಕ್ಕೂ ಹೆಚ್ಚು ಈ ಒಂದು ಪುಟ್ಟ ಪ್ರಾಂತದವರು.

ಔವರ್‌ಕೆರ್ಕ್ ಊರಿನ ಹತ್ತಿರದ ಒಡಕು ಎಲ್ಲಕ್ಕಿಂತ ಕೊನೆಗೆ ಮುಚ್ಚಿದ್ದು, ನವೆಂಬರ್‌ನಲ್ಲಿ. ಯುದ್ಧದ ಕಾಲದ ನಾಲ್ಕು ರಾಕ್ಷಸಾಕಾರದ ಕಾಂಕ್ರೀಟ್ ಪೆಟ್ಟಿಗೆಗಳನ್ನ ತೇಲಿಸಿಕೊಂಡು ಬಂದು ಮುಳುಗಿಸಿ ಮುಚ್ಚಿದ್ರು. ಆ ನಾಲ್ಕು ಪೆಟ್ಟಿಗೆಗಳೇ ಈಗ ಪ್ರವಾಹದ ಮ್ಯೂಸಿಯಂ. ಒಳಗೆ ಥಂಡಿ, ಸಿಮೆಂಟಿನ ವಾಸನೆ. ಒಂದು ಕಡೆ ಸತ್ತವರ ಹೆಸರುಗಳು. ಒಂದೇ ಮನೆತನದ ಹೆಸರು ಸಾಲಾಗಿ ಬಂದಾಗ ಓದೋದು ಕಷ್ಟ ಆಗತ್ತೆ. ಇಲ್ಲಿ ಸೆಲ್ಫಿ ತೆಗೀಬೇಡಿ, ಪ್ಲೀಸ್.

ಇದನ್ನ ಯಾಕೆ ಇಷ್ಟು ಹೇಳಿದೆ ಅಂದ್ರೆ, ಮುಂದಿನ ಪೋಸ್ಟ್‌ನಲ್ಲಿ 'ಕಡಲು ಬೇಕು' ಅಂತ ಹೋರಾಡಿದವರ ಕಥೆ ಬರತ್ತೆ. ಅವರು ಯಾವುದೋ ದೂರದ ಊರಲ್ಲಿ ಎಸಿಯಲ್ಲಿ ಕೂತವರಲ್ಲ. ಈ ರಾತ್ರಿ ಕಂಡ ಊರಿನವರೇ.

(6)

ಪ್ರವಾಹ ಆದ ಮೇಲೆ ಡೆಲ್ಟಾ ಯೋಜನೆ ಬಂತು, 1958ರಲ್ಲಿ ಕಾನೂನಾಯ್ತು. ತರ್ಕ ಬಹಳ ಸರಳ: ಕಡಲು ಒಳಗೆ ಬರೋ ಬಾಯಿಗಳನ್ನ ಒಂದೊಂದಾಗಿ ಮುಚ್ಚೋದು. ಕರಾವಳಿ ಉದ್ದ ಕಮ್ಮಿ ಆದ್ರೆ ಕಾಯೋ ಒಡ್ಡೂ ಕಮ್ಮಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಫುಲ್ ಮಾರ್ಕ್ಸ್.

1961ರಲ್ಲಿ ಫೇರಾ ಊರಿನ ಮುಂದಿನ ಬಾಯಿ ಮುಚ್ಚಿದ್ರು. ಫೇರಾ ಎಷ್ಟು ಚೆಂದದ ಊರು ಅಂದ್ರೆ, ಫೋಟೋ 9 ನೋಡಿ, ಫಿಲ್ಟರ್ ಹಾಕಿಲ್ಲ. ಆದರೆ ಮೀನುಗಾರರ ಊರಿನಿಂದ ಮೀನುಗಾರರು ಹೋದ್ರು. ಅವರ ದೋಣಿಗಳು ಕೊಲೈನ್ಸ್‌ಪ್ಲಾಟ್‌ಗೆ ಜಾಗ ಬದಲಿಸಿದ್ವು. ಉಬ್ಬರ ಇಲ್ಲದ ಸರೋವರ ಆಯ್ತು. ಈಗ ಅಲ್ಲಿ ಹಾಯಿದೋಣಿ, ಐಸ್‌ಕ್ರೀಂ, ಪ್ರವಾಸಿಗಳು. ನಿಂತ ನೀರು ಹಾಳಾಗ್ತಾ ಬಂದು, ಕೊನೆಗೆ 2004ರಲ್ಲಿ ಒಡ್ಡಿನಲ್ಲಿ ತೂಬು ಮಾಡಿ ಮತ್ತೆ ಉಪ್ಪುನೀರು ಬಿಡಬೇಕಾಯ್ತು. 1971ರಲ್ಲಿ ಮುಚ್ಚಿದ ಗ್ರೇವೆಲಿಂಗನ್‌ನದ್ದೂ ಹೆಚ್ಚು ಕಮ್ಮಿ ಇದೇ ಹಾಡು.

ಉಳಿದಿದ್ದು ದೊಡ್ಡದು: ಓಸ್ಟರ್‌ಸ್ಕೆಲ್ಡ, ಅಂದ್ರೆ ಪೂರ್ವ ಸ್ಕೆಲ್ಡ್. ಇದನ್ನೂ ಪೂರಾ ಮುಚ್ಚೋದು ಅಂತ ತೀರ್ಮಾನ ಆಗಿತ್ತು. ಸುಮ್ನೆ ಕಾಗದದ ಮೇಲಲ್ಲ, ಒಡ್ಡಿನ ಕೆಲವು ಕಿಲೋಮೀಟರ್ ಎದ್ದೂ ಆಗಿತ್ತು. ಆಗ ಯೆರ್ಸೆಕಾ ಊರಿನ ಚಿಪ್ಪಿ ಸಾಕೋರು, ಮೀನುಗಾರರು, ಪರಿಸರದವರು, ವಿದ್ಯಾರ್ಥಿಗಳು ತಿರುಗಿ ಬಿದ್ರು. ಉಪ್ಪುನೀರಿನ ಭರತ-ಇಳಿತ ನಿಂತ್ರೆ ಚಿಪ್ಪಿ ಇಲ್ಲ, ಮೀನಿನ ಮರಿ ಇಲ್ಲ, ಕೆಸರು ಬಯಲಲ್ಲಿ ಮೇಯೋ ಹಕ್ಕಿ ಇಲ್ಲ. ಎದುರು ಬಣವೂ ಜೋರಾಗಿತ್ತು: ನಮ್ಮ ಮನೆಯವರು ಸತ್ತಿದ್ದಾರೆ, ಮೊದಲು ಮುಚ್ಚಿ, ಆಮೇಲೆ ಮಾತು. ಈ ಕಥೆಯಲ್ಲಿ ವಿಲನ್ ಇಲ್ಲ. ಅದಕ್ಕೇ ನನಗೆ ಇಷ್ಟ.

1974ರಲ್ಲಿ ಸರ್ಕಾರ ಯೋಜನೆ ಬದಲಿಸಿತು, 1976ರಲ್ಲಿ ಸಂಸತ್ತು ಒಪ್ಪಿತು. ಗೋಡೆ ಬೇಡ, ಬಾಗಿಲು. ಮಾಮೂಲಿ ದಿನ ತೆರೆದಿರೋದು, ಬಿರುಗಾಳಿ ಬಂದಾಗ ಮಾತ್ರ ಇಳಿಸೋದು. 65 ಕಾಂಕ್ರೀಟ್ ಕಂಬ, ಒಂದೊಂದು 18,000 ಟನ್ ತನಕ ತೂಕ. ನಡುವೆ 62 ಉಕ್ಕಿನ ಬಾಗಿಲು, ಒಂದೊಂದು ಸುಮಾರು 42 ಮೀಟರ್ ಅಗಲ. ಒಟ್ಟು ಉದ್ದ ಒಂಬತ್ತು ಕಿಲೋಮೀಟರ್. 1986ರ ಅಕ್ಟೋಬರ್ 4ಕ್ಕೆ ರಾಣಿ ಬಿಯಾಟ್ರಿಕ್ಸ್ ಉದ್ಘಾಟನೆ. ಖರ್ಚು ಸುಮಾರು 250 ಕೋಟಿ ಯೂರೋ ಅಂತಾರೆ. ಇಡೀ ಡೆಲ್ಟಾ ಯೋಜನೆಯಲ್ಲಿ ಇದಕ್ಕಿಂತ ದುಬಾರಿ ಕೆಲಸ ಇನ್ನೊಂದಿಲ್ಲ.

ಕಂಬ ಸಾಗಿಸೋಕೆ, ಕಡಲ ತಳ ಗಟ್ಟಿ ಮಾಡೋಕೆ ಅಂತಲೇ ಹಡಗು ಕಟ್ಟಿಸಿದ್ರು. ಅವುಗಳ ಹೆಸರು ಓಸ್ಟ್ರಿಯಾ, ಮಿಟಿಲಸ್, ಕಾರ್ಡಿಯಂ. ಗೂಗಲ್ ಮಾಡಿದೆ: ಮೂರೂ ಚಿಪ್ಪಿಗಳ ಲ್ಯಾಟಿನ್ ಹೆಸರುಗಳು. ಯಾರಿಗೋಸ್ಕರ ಈ ದುಡ್ಡು ಅಂತ ಹಡಗಿನ ಮೇಲೇ ಬರೆದಿಟ್ಟಿದ್ರು ನೋಡಿ.

ನೀರು ಮಾಮೂಲಿ ಮಟ್ಟಕ್ಕಿಂತ ಮೂರು ಮೀಟರ್ ಏರತ್ತೆ ಅಂತ ಮುನ್ಸೂಚನೆ ಬಂದ್ರೆ ಬಾಗಿಲು ಇಳಿಯತ್ತೆ. ಸರಾಸರಿ ವರ್ಷಕ್ಕೆ ಒಂದು ಸಲ. ಬಾಕಿ ದಿನ ಕಡಲು ತನ್ನ ಪಾಡಿಗೆ ತಾನು ದಿನಕ್ಕೆರಡು ಸಲ ಒಳಗೆ, ಹೊರಗೆ. ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ನೀರು ಕಂಬಗಳ ನಡುವೆ ಮೊರೆಯೋ ರಭಸ ವಿಡಿಯೋದಲ್ಲಿ ಬರಲ್ಲ.

ಅಂದಹಾಗೆ ಇದೇ ಕಟ್ಟಿನ ಮೇಲೆ 'ಎದುರುಗಾಳಿ ಸೈಕಲ್ ಚಾಂಪಿಯನ್‌ಶಿಪ್' ನಡೆಯತ್ತೆ. ಬಿರುಗಾಳಿ ಬರತ್ತೆ ಅಂತ ಗೊತ್ತಾದ ಮೇಲೆ, ಎರಡು ಮೂರು ದಿನ ಮುಂಚೆ ದಿನಾಂಕ ಹೇಳ್ತಾರೆ. ಗೇರ್ ಇಲ್ಲದ ಸಾದಾ ಸೈಕಲ್, 8.5 ಕಿಲೋಮೀಟರ್. ಹುಚ್ಚು ಅಂದ್ರೆ ಇದು.

(7)

ಕುಮಟಾ, ಗೋಕರ್ಣ ಕಡೆಯ ಫಾಲೋವರ್‌ಗಳಿಗೆ ಈ ಬಾಗಿಲಿನ ವಿಷಯ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆ ಇದೇ ಅಲ್ವಾ? ಸುತ್ತ ಕಟ್ಟೆ, ಕಟ್ಟೆಗೊಂದು ಹಲಗೆ ಬಾಗಿಲು. ಮಳೆಗಾಲದಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ಆಮೇಲೆ ಉಪ್ಪುನೀರು ಬಿಟ್ಕೊಂಡು ಸಿಗಡಿ, ಮೀನು. ಬಾಗಿಲು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಅನ್ನೋದೇ ಇಡೀ ವಿದ್ಯೆ. ನನ್ನ ಅಜ್ಜಯ್ಯನಿಗೆ ಓಸ್ಟರ್‌ಸ್ಕೆಲ್ಡ ಫೋಟೋ ತೋರಿಸಿದೆ. "ಇಷ್ಟು ದೊಡ್ಡ ಬಾಗಿಲ ಎತ್ತಲೆ ಎಷ್ಟು ಜನ ಬೇಕ?" ಅಂತ ಒಂದೇ ಪ್ರಶ್ನೆ. ಮೋಟಾರ್ ಅಂದೆ. "ಕರೆಂಟ್ ಹೋದ್ರೆ?" ಅಂದ್ರು. ಅಲ್ಲೇ ಅದಕ್ಕೆ ಅಂತ ಜನರೇಟರ್ ಇಟ್ಟಿದ್ದಾರೆ ಅಂದ ಮೇಲೆ ಸಮಾಧಾನ ಆಯ್ತು.

ಈಗ ಯೆರ್ಸೆಕಾ. ಊರು ಸಣ್ಣದು. ಆದರೆ ಝೀಲ್ಯಾಂಡ್‌ನ ಕಪ್ಪು ಚಿಪ್ಪಿ ಹರಾಜಾಗೋದು ಇಲ್ಲೇ. ದಡದಲ್ಲಿ ಹಳೇ ಆಯ್ಸ್ಟರ್ ತೊಟ್ಟಿಗಳಿವೆ, ಉಬ್ಬರದ ನೀರಿನಲ್ಲಿ ತೊಳೆದು ಇಡೋಕೆ. 1962-63ರ ಭಯಂಕರ ಚಳಿಯಲ್ಲಿ ಇಲ್ಲಿನ ಮೂಲ ಆಯ್ಸ್ಟರ್ ಹೆಚ್ಚೂಕಮ್ಮಿ ಸತ್ತೇ ಹೋಯ್ತು. ಬದಲಿಗೆ ಜಪಾನ್ ಕಡೆಯ ತಳಿ ತಂದು ಬಿಟ್ರು. ಇಲ್ಲಿ ಬದುಕಲ್ಲ ಅಂದ್ಕೊಂಡಿದ್ದು ಈಗ ಬಂಡೆ ಬಂಡೆಯಾಗಿ ಬೆಳೆದು ಕಾಲು ಕುಯ್ಯತ್ತೆ.

ತಿನ್ನೋದು ಕೇಳೋರಿಗೆ: ಚಿಪ್ಪಿ ಸೀಸನ್ ಜುಲೈ ಹೊತ್ತಿಗೆ. ಸಸ್ಯಾಹಾರಿಗಳು ಬೇಜಾರಾಗಬೇಡಿ, ಉಪ್ಪುಜೌಗಿನಲ್ಲಿ ಬೆಳೆಯೋ 'ಝೇಕ್ರಾಲ್' ಅನ್ನೋ ಹಸಿರು ಕಡ್ಡಿ ಸೊಪ್ಪು ಸಿಗತ್ತೆ. ಬೆಣ್ಣೆಯಲ್ಲಿ ಬಾಡಿಸಿದ್ರೆ ಉಪ್ಪು ಹಾಕೋದೇ ಬೇಡ. ಮತ್ತೆ ಬೋಲಸ್. ದಾಲ್ಚಿನ್ನಿ, ಕಂದು ಸಕ್ಕರೆ ಹಚ್ಚಿ ಸುರುಳಿ ಸುತ್ತಿದ ಅಂಟಂಟು ಬನ್. ತಿರುಗಿಸಿ ಅಡಿಭಾಗಕ್ಕೆ ಬೆಣ್ಣೆ ಸವರಿ ತಿನ್ನಬೇಕು. ಅಕ್ಕ ಮೇಲ್ಭಾಗಕ್ಕೆ ಸವರಿದ್ದಕ್ಕೆ ಬೇಕರಿಯ ಅಜ್ಜಿ ತಿದ್ದಿದ್ರು, ನಾವು ದೋಸೆ ಮಗುಚಿ ತಿನ್ನೋರನ್ನ ನೋಡೋ ಹಾಗೆ ನೋಡಿ.

ಈ ಓಸ್ಟರ್‌ಸ್ಕೆಲ್ಡ 2002ರಿಂದ ರಾಷ್ಟ್ರೀಯ ಉದ್ಯಾನ, ದೇಶದಲ್ಲೇ ದೊಡ್ಡದು. ಇಳಿತದ ಹೊತ್ತಿಗೆ ಮರಳ ದಿಣ್ಣೆ ಮೇಲೆ ಸೀಲ್‌ಗಳು ಮಲಗಿರತ್ತೆ, ನಮ್ಮ ಹಾಸ್ಟೆಲ್ ಭಾನುವಾರದ ಥರ. ಮುಚ್ಚಿದ್ರೆ ಇದೂ ಇನ್ನೊಂದು ನಿಂತ ನೀರಿನ ಕೆರೆ ಆಗ್ತಿತ್ತು.

(8)

ಹೊಗಳಿದ್ದು ಸಾಕು. ಎರಡು ವಿಷಯ ಹೇಳದೆ ಬಿಟ್ರೆ ಇದು ಟೂರಿಸಂ ಜಾಹೀರಾತಾಗತ್ತೆ.

ಮೊದಲನೇದು. ಬಾಗಿಲು ಇಟ್ಟರೂ ಪೂರಾ ಉಳಿಯಲಿಲ್ಲ. ಕಂಬಗಳ ಮಧ್ಯೆ ಬರೋ ನೀರು ಮೊದಲಿಗಿಂತ ಕಮ್ಮಿ, ಹಾಗಾಗಿ ಒಳಗಿನ ಸೆಳೆತಕ್ಕೂ ಶಕ್ತಿ ಕಮ್ಮಿ. ಅಲೆ ದಿಣ್ಣೆಗಳಿಂದ ಮರಳು ಕೆಡವತ್ತೆ, ಅದನ್ನ ಮತ್ತೆ ಮೇಲೆ ತಂದು ಹಾಕೋ ಬಲ ಭರತಕ್ಕೆ ಇಲ್ಲ. ಡಚ್ಚರು ಇದಕ್ಕೆ 'ಮರಳ ಹಸಿವು' ಅಂತಾರೆ. ಹಕ್ಕಿಗಳು ಮೇಯೋ ದಿಣ್ಣೆ ನಿಧಾನಕ್ಕೆ ಕರಗ್ತಿದೆ. ಈಗ ಬೇರೆ ಕಡೆಯಿಂದ ಮರಳು ತಂದು ಸುರೀತಿದ್ದಾರೆ. ಅಂದ್ರೆ 1986ರಲ್ಲಿ ಬಿಲ್ ಕ್ಲೋಸ್ ಆಗಲಿಲ್ಲ. ಮೇಂಟೆನೆನ್ಸ್ ಕಾಲಂ ಖಾಲಿ ಬಿಟ್ಟು ಪ್ರಾಜೆಕ್ಟ್ ರಿಪೋರ್ಟ್ ಕೊಡೋ ನಮ್ಮ ಕ್ಲಾಸಿನ ಮಹಾನುಭಾವರು ಗಮನಿಸಿ.

ದಕ್ಷಿಣದ ಪಶ್ಚಿಮ ಸ್ಕೆಲ್ಡ್ ಬಾಯಿಯನ್ನ ಮುಚ್ಚೋ ಮಾತೇ ಇರಲಿಲ್ಲ, ಆಂಟ್‌ವರ್ಪ್‌ಗೆ ಹೋಗೋ ಹಡಗುಗಳ ದಾರಿ ಅದು. ನಾಲ್ಕನೇ ಪೋಸ್ಟ್‌ನ ಆ ದೈತ್ಯ ಹಡಗುಗಳಿಗೋಸ್ಕರ ಅದನ್ನ ಆಳ ಮಾಡ್ತಾ ಬಂದ್ರು. ಅಳಿವೆಗೆ ಆದ ನಷ್ಟಕ್ಕೆ ಪ್ರತಿಯಾಗಿ ಹೆಡ್ವಿಗೆ ಅನ್ನೋ ಪೋಲ್ಡರ್ ಅನ್ನ ಕಡಲಿಗೆ ವಾಪಸ್ ಕೊಡಬೇಕು ಅಂತ ತೀರ್ಮಾನ ಆಯ್ತು. ಪೋಲ್ಡರ್ ಅಂದ್ರೆ ಒಡ್ಡು ಕಟ್ಟಿ ನೀರು ಬಸಿದು ಮಾಡಿಕೊಂಡ ಹೊಲ. ವರ್ಷಗಟ್ಟಲೆ ಜಗಳ. 1953 ಕಂಡ ಜನರಿಗೆ, ಅಜ್ಜ ಮುತ್ತಜ್ಜ ಕಡಲಿಂದ ಕಿತ್ತುಕೊಂಡ ಹೊಲದ ಒಡ್ಡನ್ನ ಜೆಸಿಬಿ ತಂದು ಒಡೀರಿ ಅಂದ್ರೆ ಹೇಗಾಗಬೇಡ? 2022ರಲ್ಲಿ ಒಡೆದ್ರು. ಅದು ಸರಿಯಾ ಅಂತ ಕೇಳಿದ್ರೆ, ಅಳಿವೆಗೆ ಒಳ್ಳೇದಾಯ್ತು ಅಂತೀನಿ. ಆದರೆ ಲಾಭ ಬಂದರಿಗೆ, ಬೆಲೆ ತೆತ್ತಿದ್ದು ಹೊಲ. ಆ ಲೆಕ್ಕ ನನಗೆ ಇವತ್ತಿಗೂ ಟ್ಯಾಲಿ ಆಗಲ್ಲ.

(9)

ಎರಡನೇದು ಇದಕ್ಕಿಂತ ಭಾರ. ಮಿಡೆಲ್‌ಬರ್ಗ್‌ನ ಆ ಚೆಂದದ ವ್ಯಾಪಾರಿ ಮನೆಗಳ ದುಡ್ಡು ಎಲ್ಲಿಂದ ಬಂತು?

ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲೊಂದು ದೊಡ್ಡ ಶಾಖೆ ಇತ್ತು. ಅದೇ ಕಂಪನಿ 17ನೇ ಶತಮಾನದಲ್ಲಿ ನಮ್ಮ ಬಸರೂರಿನಲ್ಲೂ ಅಕ್ಕಿ ವ್ಯಾಪಾರಕ್ಕೆ ಕೋಠಿ ಇಟ್ಟಿತ್ತು. ಅದು ಹಾಗಿರಲಿ. 1720ರಲ್ಲಿ ಮಿಡೆಲ್‌ಬರ್ಗ್ ವಾಣಿಜ್ಯ ಕಂಪನಿ ಅಂತ ಇನ್ನೊಂದು ಶುರುವಾಯ್ತು. ಇಲ್ಲಿಂದ ಸರಕು ತುಂಬಿಕೊಂಡು ಪಶ್ಚಿಮ ಆಫ್ರಿಕಾಗೆ, ಅಲ್ಲಿ ಸರಕು ಕೊಟ್ಟು ಮನುಷ್ಯರನ್ನ ಕೊಳ್ಳೋದು, ಕೆರಿಬಿಯನ್ ಕಡೆ ಒಯ್ದು ಮಾರೋದು, ಸಕ್ಕರೆ ಕಾಫಿ ತುಂಬಿಕೊಂಡು ವಾಪಸ್. ಇಂಥ ನೂರಕ್ಕೂ ಹೆಚ್ಚು ಪ್ರಯಾಣ. ಆಫ್ರಿಕಾಗೆ ಯುರೋಪಿನ ಹಡಗುಗಳು ಒಯ್ದ ಸರಕಿನಲ್ಲಿ ಭಾರತದಲ್ಲಿ ನೇಯ್ದ ಹತ್ತಿ ಬಟ್ಟೆಯೂ ಇರ್ತಿತ್ತು.

ಈ ಕಂಪನಿಯ ಪತ್ರಗಳು ಹೆಚ್ಚೂಕಮ್ಮಿ ಪೂರಾ ಉಳಿದಿವೆ, ಮಿಡೆಲ್‌ಬರ್ಗ್‌ನ ದಾಖಲೆ ಭಂಡಾರದಲ್ಲಿ. 2011ರಲ್ಲಿ ಯುನೆಸ್ಕೋ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿದೆ. ಸ್ಕ್ಯಾನ್‌ಗಳನ್ನ ನೀವೂ ಆನ್‌ಲೈನ್ ನೋಡಬಹುದು. ನನಗೆ ಡಚ್ ಬರಲ್ಲ. ಆದರೆ ಜಮಾ ಖರ್ಚಿನ ಪುಟ ಓದೋಕೆ ಭಾಷೆ ಬೇಕಾಗಲ್ಲ ನೋಡಿ. ಅಕ್ಷರ ಮುತ್ತಿನಂತಿದೆ. ಕಾಲಂಗಳು ನೇರ. ಒಂದು ಸಾಲಲ್ಲಿ ಬಂದೂಕು, ಬಟ್ಟೆ, ಬ್ರಾಂದಿ. ಅದೇ ಲೆಕ್ಕದಲ್ಲಿ ಗಂಡಸು ಇಷ್ಟು, ಹೆಂಗಸು ಇಷ್ಟು, ಮಕ್ಕಳು ಇಷ್ಟು. ಹೆಸರಿಲ್ಲ, ಸಂಖ್ಯೆ. ಅಕ್ಕ ಒಂದೊಂದು ಶಬ್ದ ಅನುವಾದ ಮಾಡ್ತಾ ಮಾಡ್ತಾ ನಿಲ್ಲಿಸಿದ್ಲು. ನಾನೂ ಮುಂದೆ ಕೇಳಲಿಲ್ಲ.

ಮೊದಲನೇ ಸೆಮ್‌ನಲ್ಲಿ ನಮಗೆ ಕಲಿಸಿದ್ದು ಏನು? ದುಡ್ಡಲ್ಲಿ ಅಳೆಯೋಕೆ ಬಂದಿದ್ದು ಮಾತ್ರ ಪುಸ್ತಕಕ್ಕೆ ಬರತ್ತೆ ಅಂತ. ಈ ಪುಸ್ತಕದಲ್ಲಿ ಅಳೆಯಬಾರದ್ದನ್ನ ದುಡ್ಡಲ್ಲಿ ಅಳೆದು ಬರೆದಿದ್ದಾರೆ, ತಪ್ಪಿಲ್ಲದೆ ಟ್ಯಾಲಿಯೂ ಮಾಡಿದ್ದಾರೆ. ಎಷ್ಟೋ ತಲೆಮಾರು ಕಳೆದ ಮೇಲೆ ಅದೇ ಪ್ರಾಂತದಲ್ಲಿ ಉಬ್ಬರದ ನೀರು, ಚಿಪ್ಪಿ, ಹಕ್ಕಿ ಇವಕ್ಕೆ ರೇಟ್ ಹಾಕೋಕೆ ಆಗಲ್ಲ ಅಂತ ಗೊತ್ತಿದ್ದೂ ಕೋಟಿಗಟ್ಟಲೆ ಖರ್ಚು ಮಾಡಿದ್ರು. ಎರಡೂ ಅಲ್ಲಿನ ಜನರೇ. ಬೀಚ್ ಮಾತ್ರ ನೋಡಿ ಬರಬೇಡಿ ಅಂತ ನಾನು ಹಠ ಹಿಡಿದಿರೋದು ಇದಕ್ಕೇ. ಮಿಡೆಲ್‌ಬರ್ಗ್‌ನಲ್ಲಿ 2005ರಿಂದ ಗುಲಾಮರ ನೆನಪಿನ ಸ್ಮಾರಕ ಇದೆ. ಹೋಗಿ, ಎರಡು ನಿಮಿಷ ನಿಲ್ಲಿ.

ಗೋಡೆ ಹಾಕ್ಬಿಟ್ರೆ ಮುಗೀತು ಅಂದ ಕಮೆಂಟ್‌ನವರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗತ್ತೆ. ಪ್ರತಿ ಮಳೆಗಾಲ ತೆಂಗಿನ ಮರ ಬೇರು ಸಮೇತ ಹೋಗೋದು ನಾನೂ ನೋಡಿದೀನಿ, ಲಾರಿಯಲ್ಲಿ ಕಲ್ಲು ತಂದು ಸುರಿಯೋದನ್ನೂ. ನಾನು ಕೇಳೋದು ಇಷ್ಟೇ. ಗೋಡೆಯ ಅಂದಾಜು ಪಟ್ಟಿ ಮಾಡೋವಾಗ ಇಳಿತದಲ್ಲಿ ಬಳಚು ಹೆಕ್ಕೋ ಹೆಂಗಸರನ್ನ ಯಾರಾದ್ರೂ ಕೇಳಿದ್ರಾ? ಯೆರ್ಸೆಕಾದವರು ಕಿರುಚಿದಾಗ ಅಲ್ಲಿನ ಸರ್ಕಾರ ಅರ್ಧ ಕಟ್ಟಿದ ಒಡ್ಡನ್ನೇ ನಿಲ್ಲಿಸಿತು. ನಮ್ಮಲ್ಲಿ ತರಬೇಕಾದ್ದು ಆ ಕಿವಿ, ಕಾಂಕ್ರೀಟ್ ಆಮೇಲೆ ನೋಡೋಣ.

(10)

ಕೊನೇ ಪೋಸ್ಟ್. ಹೋಗೋರಿಗೆ ನಾಲ್ಕು ಮಾತು.

ಮಿಡೆಲ್‌ಬರ್ಗ್‌ನಲ್ಲಿ ಉಳ್ಕೊಳ್ಳಿ, ಸೈಕಲ್ ಬಾಡಿಗೆಗೆ ತಗೊಳ್ಳಿ. ದಾರಿಯಲ್ಲಿ ನಂಬರ್ ಹಾಕಿದ ಕೂಡುದಾರಿಗಳಿರತ್ತೆ, ಮ್ಯಾಪ್ ಬೇಡ, ನಂಬರ್ ಚೀಟಿಯಲ್ಲಿ ಬರ್ಕೊಂಡು ಹೋದ್ರೆ ಸಾಕು. ನೆಲ ಸಪಾಟು ಅಂತ ಖುಷಿ ಪಡಬೇಡಿ, ಗಾಳಿಯೇ ಅಲ್ಲಿನ ಘಟ್ಟ. ಹೋಗೋವಾಗ ಎದುರುಗಾಳಿ ಇರೋ ದಿಕ್ಕಿಗೆ ಹೋಗಿ, ಸುಸ್ತಾದ ಮೇಲೆ ಬರೋವಾಗ ಅದೇ ತಳ್ಳತ್ತೆ. ಮೇ ತಿಂಗಳಲ್ಲೂ ಜರ್ಕಿನ್ ಬೇಕು. ಭಾನುವಾರ ಕೆಲವು ಊರಲ್ಲಿ ಅಂಗಡಿ ಪೂರಾ ಬಂದ್, ಚರ್ಚ್‌ಗೆ ಹೋಗೋ ಕಟ್ಟಾ ಊರುಗಳವು. ಶನಿವಾರವೇ ಬ್ರೆಡ್ ತಂದಿಡಿ.

ಬೇಸಿಗೆಯಲ್ಲಿ ಹೋದ್ರೆ ವಾಲ್ಖರನ್ ಹಳ್ಳಿಗಳಲ್ಲಿ ರಿಂಗ್ ಓಟ ವಿಚಾರಿಸಿ. ಭಾರೀ ಗಾತ್ರದ ಗಾಡಿ ಕುದುರೆ ಮೇಲೆ, ತಡಿ ಇಲ್ಲದೆ, ಓಡ್ತಾ ಓಡ್ತಾ ಈಟಿಯಿಂದ ಪುಟ್ಟ ಬಳೆಯನ್ನ ಎತ್ತಬೇಕು. ಹಳೇ ಉಡುಪು ತೊಟ್ಟ ಅಜ್ಜಿಯರು ಕಂಡ್ರೆ ಫೋಟೋ ತೆಗೆಯೋ ಮುಂಚೆ ಕೇಳಿ.

ಒಂದೇ ದಿನ ಇದ್ರೆ? ಓಸ್ಟರ್‌ಸ್ಕೆಲ್ಡ ಬಾಗಿಲು ನೋಡಿ, ಅಲ್ಲಿಂದ ಆಚೆ ದಡದ ಪ್ಲೊಂಪಾ ಟೋರನ್‌ಗೆ ಹೋಗಿ. ಮೊಂಡು ಗೋಪುರ ಅಂತ. ಕೌಡೆಕೆರ್ಕಾ ಅನ್ನೋ ಹಳ್ಳಿಯ ಚರ್ಚಿನದು. ಹಳ್ಳಿ ಈಗಿಲ್ಲ, ಗೋಪುರ ಒಂದೇ ಒಡ್ಡಿನ ಪಕ್ಕ ನಿಂತಿದೆ. ಬೆಸ್ತರು ಮತ್ಸ್ಯಕನ್ಯೆಯನ್ನ ಹಿಡಿದು ವಾಪಸ್ ಕೊಡಲಿಲ್ಲ, ಅವಳ ಗಂಡ ಶಾಪ ಹಾಕಿದ, ಊರೆಲ್ಲಾ ಹೋಗಿ ಗೋಪುರ ಮಾತ್ರ ಉಳೀತು ಅಂತ ಅಲ್ಲಿನವರ ಕಥೆ. ಮೇಲೆ ಹತ್ತಿದ್ರೆ ಆ ಕಡೆ ಭರತದ ನೀರು, ಈ ಕಡೆ ಆಲೂಗಡ್ಡೆ ಹೊಲ.

ಇನ್ನು ಸಾಫ್ಟಿಂಗೆ. 1584ರಲ್ಲಿ ಯುದ್ಧಕ್ಕೋಸ್ಕರ ಒಡ್ಡು ಒಡೆದು ಮುಳುಗಿಸಿದ ನಾಡು, ಈಗ ಸಾವಿರಾರು ಎಕರೆ ಉಪ್ಪುಜೌಗು, ಹಕ್ಕಿಗಳ ರಾಜ್ಯ. ಗೈಡ್ ಇಲ್ಲದೆ ಒಳಗೆ ಇಳೀಬೇಡಿ. ಹೊರಡೋ ಮುಂಚೆ ಆ ದಿನದ ಭರತದ ಟೈಮ್ ನೋಡ್ಕೊಳ್ಳಿ, ಹಳೇ ಶೂ ಹಾಕ್ಕೊಂಡು ಹೋಗಿ, ಬಿಳೀ ಪ್ಯಾಂಟ್ ಬೇಡ. ವೀಸಾ ಬಗ್ಗೆ ನನಗೆ ಡಿಎಂ ಮಾಡಬೇಡಿ, ಅದೆಲ್ಲಾ ಅಕ್ಕ ನೋಡ್ಕೊಂಡಿದ್ದು.